ತಾರೀಕು ಮೀರಿದ ಚಹಾ

ಕಪಾಟು ಜಾಲಾಡುವಾಗ ಹಿಂದಿನ ಸಾಲಿನಲ್ಲಿ ಹಳೆಯ ಚಹಾಪುಡಿಯ ಪೊಟ್ಟಣವೊಂದು ಸಿಕ್ಕಿತೆನ್ನಿ. ಯಾರೇ ಆದರೂ ಮೊದಲು ಅದನ್ನು ತಿರುಗಿಸಿ ತಾರೀಕು ಹುಡುಕುತ್ತಾರೆ. ಎಂಟು ತಿಂಗಳು ಮೀರಿದೆ ಎಂದರೆ ಮುಖ ಹುಳ್ಳಗಾಗುತ್ತದೆ, ಪೊಟ್ಟಣ ಕಸದ ಬುಟ್ಟಿ ಸೇರುತ್ತದೆ. ಅತ್ತ ಬೆಳಿಗ್ಗೆ ಹಾಲು ಹಾಕಿ ಮಾಡಿಟ್ಟ ಚಹಾ ಮಧ್ಯಾಹ್ನದವರೆಗೂ ಒಲೆಯ ಮೇಲೆ ಕೂತಿದೆ. ಅದನ್ನು ಬಿಸಿ ಮಾಡಿ ಕುಡಿಯುವಾಗ ಮಾತ್ರ ಯಾರಿಗೂ ತಾರೀಕು ನೆನಪಾಗುವುದಿಲ್ಲ.

ಒಣ ಚಹಾ ಅಷ್ಟು ಸುಲಭಕ್ಕೆ ಕೆಡುವ ಪದಾರ್ಥವಲ್ಲ. ಕಾರ್ಖಾನೆಯಲ್ಲಿ ಎಲೆಯ ತೇವ ಶೇಕಡಾ 3ರ ಆಸುಪಾಸಿಗೆ ಇಳಿಯುವ ತನಕ ಒಣಗಿಸುತ್ತಾರೆ. ಅಂಥ ಬರಗಾಲದಲ್ಲಿ ಬ್ಯಾಕ್ಟೀರಿಯಾವೂ ಬೆಳೆಯದು, ಬೂಷ್ಟೂ ಬೆಳೆಯದು. ಪೊಟ್ಟಣದ ಮೇಲಿನ 'ಬೆಸ್ಟ್ ಬಿಫೋರ್' ಎಂಬುದು ರುಚಿಗೆ ಕೊಟ್ಟ ಗಡುವು. ಕಪ್ಪು ಚಹಾ ಸೀಲ್ ಒಡೆಯದಿದ್ದರೆ ಎರಡು ವರ್ಷ ಹಾಯಾಗಿರುತ್ತದೆ, ಹಸಿರು ಚಹಾ ವರ್ಷದೊಳಗೇ ಮಂಕಾಗುತ್ತದೆ. ಇಡೀ ಎಲೆಗಿಂತ ನುಣ್ಣನೆಯ ಡಸ್ಟ್ ಬೇಗ ಸೊರಗುತ್ತದೆ, ಏಕೆಂದರೆ ಪುಡಿಯಾದಷ್ಟೂ ಗಾಳಿಗೆ ಮೈ ಹೆಚ್ಚು. ಚೀನಾದ ಯುನ್ನಾನ್ ಪ್ರಾಂತ್ಯದ ಪುಅರ್ ಚಹಾದ ಲೆಕ್ಕವೇ ಬೇರೆ. ಅದನ್ನು ಹಳೆಯದಾಗಲೆಂದೇ ವರ್ಷಗಟ್ಟಲೆ ಇಡುತ್ತಾರೆ.

ಹೊಸ ಚಹಾದ ಹುಚ್ಚು ಹಳೆಯದು. 1866ರಲ್ಲಿ ಚೀನಾದ ಫುಝೌ ಬಂದರಿನಿಂದ ಹೊಸ ಫಸಲು ತುಂಬಿಕೊಂಡ ಹಾಯಿಹಡಗುಗಳು ಲಂಡನ್ನಿಗೆ ಪಂದ್ಯ ಕಟ್ಟಿ ಓಡಿದವು. ಸುಮಾರು 99 ದಿನಗಳ ಯಾನದ ನಂತರ ಟೇಪಿಂಗ್ ಮತ್ತು ಏರಿಯಲ್ ಅರ್ಧ ಗಂಟೆಯ ಅಂತರದೊಳಗೆ ದಡ ಸೇರಿದವು. ಸಮುದ್ರದ ಮೇಲೆ ಮೂರು ತಿಂಗಳು ಕಳೆದ ಚಹಾ ಆಗ 'ತಾಜಾ'!

ಹಳೆಯ ಪುಡಿಯ ಹಣೆಬರಹ ತಿಳಿಯಲು ಚಹಾ ಪರೀಕ್ಷಕರ ದಾರಿ ಹಿಡಿಯಬಹುದು. 2 ಗ್ರಾಂ ಪುಡಿಗೆ 100 ಮಿ.ಲೀ. ಕುದಿಯುವ ನೀರು ಸುರಿದು, ಮುಚ್ಚಿ, 6 ನಿಮಿಷ ಬಿಟ್ಟು ಸೋಸಿ. ಪಕ್ಕದಲ್ಲಿ ಹೊಸ ಪುಡಿಯದೂ ಒಂದು ಬಟ್ಟಲಿರಲಿ. ಹೊಸದು ಕೆಂಪಗೆ ಮಿನುಗುತ್ತದೆ, ಅಂಚಿನಲ್ಲಿ ಹೊನ್ನಿನ ಬಣ್ಣದ ಗೆರೆ ಕಾಣುತ್ತದೆ. ಹಳೆಯದು ಕಂದು, ಕಳೆಗುಂದಿದ್ದು; ಬಾಯಿಗಿಟ್ಟರೆ ನೆನೆದ ರಟ್ಟಿನ ನೆನಪು. ಕುಡಿದರೆ ಅಪಾಯವಿಲ್ಲ, ಸುಖವೂ ಇಲ್ಲ.

ಎಸೆಯಲೇಬೇಕಾದ ಪುಡಿಯ ಗುರುತು ಬೇರೆ. ಚಿಟಿಕೆ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿ: ಗರಿಗರಿಯಾಗಿ ಒಡೆದರೆ ಸರಿ, ಮೆತ್ತಗೆ ಬಾಗಿದರೆ ತೇವ ಹೊಕ್ಕಿದೆ. ಗಂಟುಗಂಟಾಗಿದ್ದು, ಬಿಳಿ ಅಥವಾ ಹಸಿರು ಎಳೆ ಕಂಡು, ಮುಗ್ಗಲು ವಾಸನೆ ಬಂದರೆ ಯೋಚಿಸುವುದೇ ಬೇಡ. ಕುದಿಸಿದರೆ ಸರಿಹೋಗುತ್ತದೆ ಎಂಬ ವಾದ ಇಲ್ಲಿ ನಡೆಯದು. ಬೂಷ್ಟು ಬಿಡುವ ಕೆಲವು ವಿಷಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಇಷ್ಟಕ್ಕೆಲ್ಲ ಕಾರಣ ಸಾಮಾನ್ಯವಾಗಿ ಒಂದು ಒದ್ದೆ ಚಮಚ, ಇಲ್ಲವೇ ಹಬೆಯಾಡುವ ಪಾತ್ರೆಯ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯುವ ಚಾಳಿ. ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೆದರೂ ಒಳಗೆ ನೀರು ಕಟ್ಟುತ್ತದೆ.

ಇನ್ನು ಒಲೆಯ ಮೇಲಿನ ಪಾತ್ರೆ. ಹಾಲು ಬೆರೆತ ಚಹಾ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕೂತಷ್ಟು ಹೊತ್ತೂ ಸೂಕ್ಷ್ಮಾಣುಗಳಿಗೆ ಔತಣ. ಎರಡು ಗಂಟೆ ದಾಟಿದರೆ ಚೆಲ್ಲಿಬಿಡಿ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಮೊದಲ ಕುದಿತಕ್ಕೇ ಸಾಯುವುದಿಲ್ಲ. ಅವು ಎದ್ದು ಬೆಳೆದು ಬಿಟ್ಟ ವಿಷವನ್ನು ಎರಡನೆಯ ಕುದಿತವೂ ಅಳಿಸದೆ ಹೋಗಬಹುದು. ಹಾಲಿಲ್ಲದ ಡಿಕಾಕ್ಷನ್ನಾದರೆ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಬಹುದು. ತಣ್ಣಗಾದಾಗ ಅದು ಮಬ್ಬಾದರೆ ಗಾಬರಿ ಬೇಡ. ಕೆಫೀನೂ ಒಗರಿನ ಅಂಶಗಳೂ ಕೈಹಿಡಿದು ನಿಂತದ್ದಷ್ಟೇ. ಬಿಸಿನೀರು ಬಿದ್ದರೆ ತಿಳಿಯಾಗುತ್ತದೆ. ಲೋಳೆ ಎಳೆ, ಹುಳಿ ವಾಸನೆ ಕಂಡರೆ ಮಾತ್ರ ಸಿಂಕಿಗೆ.

ಸಪ್ಪೆಯಾದ ಒಣ ಪುಡಿಗೂ ಒಂದು ಕೆಲಸವಿದೆ. ಲವಂಗದ ಪಕ್ಕದಲ್ಲಿಟ್ಟರೆ ಲವಂಗದ ವಾಸನೆ ಹೀರಿಕೊಳ್ಳುವ ಅದರ ದೌರ್ಬಲ್ಯವನ್ನೇ ದುಡಿಸಿಕೊಂಡು, ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಶೂ ಒಳಗಿಡಿ. ಬೆಳಿಗ್ಗೆ ಆ ಗಂಟನ್ನು ಮರೆತು ಅಡುಗೆಮನೆಗೆ ತರದಿದ್ದರೆ ಸಾಕು.