ಚೀಟಿ ಕೇಳಿದ ಹುಡುಗಿಗೆ ಯಾಕೆ ಬೈಗುಳ?

ಇವತ್ತು ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಉಪ್ಪಳದ ಒಂದು ಮೆಡಿಕಲ್‌ನಲ್ಲಿ ಕಂಡದ್ದನ್ನು ಹೇಳದೆ ಇರಲಾರೆ. ಒಬ್ಬರು ಬಂದು ಅಜಿತ್ರೋಮೈಸಿನ್ ಕೇಳಿದರು, ಅದು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಒಂದು ಆಂಟಿಬಯಾಟಿಕ್. ಕೌಂಟರಿನ ಹುಡುಗಿ ಡಾಕ್ಟರ ಚೀಟಿ ಕೇಳಿದಳು. ಇರಲಿಲ್ಲ. "ಕಳೆದ ಸಲ ಜ್ವರಕ್ಕೆ ಇದೇ ಕೊಟ್ಟದ್ದು, ಎರಡು ಮಾತ್ರೆ ಸಾಕು" ಅಂದರು. ಅವಳು ಕೊಡಲಿಲ್ಲ. "ನೀನೆಂಥ ಡಾಕ್ಟ್ರಾ? ಬಸ್ಸು ಹತ್ತಿದ್ರೆ ತಲಪಾಡಿ ಗಡಿ ಆಚೆ, ಕರ್ನಾಟಕದಲ್ಲಿ, ಸುಮ್ನೆ ಕೊಡ್ತಾರೆ" ಅಂತ ಎಲ್ಲರೆದುರು ಬೈದು ಹೋದರು. ಅಲ್ಲಿದ್ದ ಒಬ್ಬರೂ ಹುಡುಗಿಯ ಪರ ಮಾತಾಡಲಿಲ್ಲ. ನಾನು ಮಾತಾಡಿದೆ, ಜೋರಾಗಿಯೇ.

ನಾನು ಮಂಗಳೂರಿನ ಐಸಿಯುಗಳಲ್ಲಿ ನರ್ಸ್ ಆಗಿದ್ದವಳು, ನಿಮಗೆ ಗೊತ್ತಲ್ಲ. ಅಲ್ಲಿ ಕಲ್ಚರ್ ರಿಪೋರ್ಟ್ ಅಂತ ಬರುತ್ತದೆ. ರೋಗಿಯ ರಕ್ತದಲ್ಲೋ ಕಫದಲ್ಲೋ ಸಿಕ್ಕಿದ ಬ್ಯಾಕ್ಟೀರಿಯಾಕ್ಕೆ ಯಾವ ಮದ್ದು ನಾಟುತ್ತದೆ ಅನ್ನುವ ಪಟ್ಟಿ. ನಾಟಿದರೆ 'ಎಸ್', ನಾಟದಿದ್ದರೆ 'ಆರ್'. ಮೇಲಿಂದ ಕೆಳಗೆ ಬರೀ ಆರ್, ಬಲವಾದ ಆಂಟಿಬಯಾಟಿಕ್ ಮೆರೋಪೆನೆಮ್‌ಗೂ ಆರ್ ಇರುವ ರಿಪೋರ್ಟ್ ಹಿಡಿದು ನಿಂತವಳು ನಾನು. ಆಮೇಲೆ ಉಳಿಯುವುದು ಕೊಲಿಸ್ಟಿನ್‌ನಂಥ ಮದ್ದು. ಅದು ಕಿಡ್ನಿಗೇ ಪೆಟ್ಟು ಕೊಡಬಹುದು. ಆಪರೇಷನ್ ಚೆನ್ನಾಗಿಯೇ ಆಗಿ, ಆಮೇಲೆ ಹತ್ತಿದ ಇನ್ಫೆಕ್ಷನ್‌ನಿಂದ ಜೀವ ಹೋದಾಗ ಮನೆಯವರಿಗೆ ಏನು ಹೇಳುವುದು? ಈಗಲೂ ಕೆಲವು ರಾತ್ರಿ ಆ ಮುಖಗಳು ನಿದ್ದೆ ಕೆಡಿಸುತ್ತವೆ.

ಶೀತ, ಫ್ಲೂ, ಡೆಂಗಿ ಎಲ್ಲ ವೈರಸ್‌ನಿಂದ ಬರುವುದು. ಅಜಿತ್ರೋಮೈಸಿನ್ ವೈರಸ್ಸನ್ನು ಕೊಲ್ಲುವುದಿಲ್ಲ. ಹೊಟ್ಟೆಯೊಳಗಿನ ಬಡಪಾಯಿ ಬ್ಯಾಕ್ಟೀರಿಯಾ ಸಾಯುತ್ತವೆ, ಮದ್ದಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ನಾಳೆ ಅದೇ ಮನುಷ್ಯ ಆಸ್ಪತ್ರೆಯಲ್ಲಿ ಮಲಗಿದಾಗ ತೊಳೆಯದ ಕೈಯಿಂದ, ಮೂತ್ರದ ಟ್ಯೂಬಿನಿಂದ, ವೆಂಟಿಲೇಟರಿನಿಂದ ಪಕ್ಕದ ಬೆಡ್ಡಿಗೂ ದಾಟುತ್ತವೆ. ಎರಡು ಮಾತ್ರೆ ತಿಂದವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲೇ, ನೊಬೆಲ್ ಭಾಷಣದಲ್ಲಿ, ಇದನ್ನು ಹೇಳಿದ್ದರು. ಮುಂದೊಂದು ದಿನ ಅಂಗಡಿಯಲ್ಲಿ ಯಾರು ಬೇಕಾದರೂ ಪೆನಿಸಿಲಿನ್ ಕೊಳ್ಳಬಹುದು ಅಂತ ಹೇಳಿ ಒಂದು ಉದಾಹರಣೆ ಕೊಟ್ಟರು. ಗಂಟಲುನೋವಿಗೆ ಒಬ್ಬ ತಾನೇ ಮದ್ದು ಕೊಂಡು ಅರ್ಧಂಬರ್ಧ ತೆಗೆದುಕೊಳ್ಳುತ್ತಾನೆ. ಅವನಿಂದ ಹೆಂಡತಿಗೆ ಹರಡುತ್ತದೆ. ಅವಳಿಗೆ ಪೆನಿಸಿಲಿನ್ ನಾಟದೆ ಸಾಯುತ್ತಾಳೆ. ಉಪ್ಪಳದಲ್ಲಿ ನಾನು ಕಂಡದ್ದು ಇದರ ಮೊದಲ ಭಾಗವನ್ನೇ ಅಲ್ವಾ?

"ಡಾಕ್ಟರ ಫೀಸು, ಒಂದು ದಿನದ ಕೂಲಿ ಎರಡೂ ಹೋಗುತ್ತದಲ್ಲ, ಬಡವರು ಏನು ಮಾಡಬೇಕು" ಅಂತ ಕೇಳುತ್ತೀರಿ. ಕೂಲಿ ಹೋಗುವುದು ನಿಜ. ಆದರೆ ಅದಕ್ಕೇ ನಮ್ಮಲ್ಲಿ ಸರಕಾರಿ ಆರೋಗ್ಯ ಕೇಂದ್ರಗಳಿವೆ. ಐಸಿಯುನಲ್ಲಿ ದುಬಾರಿ ಮದ್ದು ಹಾಕಿಸಲು ಗದ್ದೆ ಅಡವಿಟ್ಟವರನ್ನು ನಾನು ನೋಡಿದ್ದೇನೆ. ಅವರೂ ಬಡವರೇ. ದೊಡ್ಡ ಕಾಯಿಲೆಗೆ ಮಂಗಳೂರೇ ಗತಿ ಅನ್ನುವ ಊರು ನಮ್ಮದು. 2020ರ ಕೊರೋನಾ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆ ಸೇರಲಾಗದೆ ನಮ್ಮವರು ಸತ್ತದ್ದು ಮರೆತುಹೋಯಿತಾ? ಅಷ್ಟು ಕಷ್ಟಪಟ್ಟು ತಲುಪುವ ಬೆಡ್ಡಿನಲ್ಲಿ ಮದ್ದೇ ನಾಟದಿದ್ದರೆ?

ಮದ್ದು ನಾಟದಂತಾಗುವ ಈ ತೊಂದರೆ ತಡೆಯಲು ಕೇರಳ 2018ರಲ್ಲೇ ಒಂದು ಯೋಜನೆ ತಂದಿತು. 2024ರಲ್ಲಿ 'ಆಪರೇಷನ್ ಅಮೃತ್' ಅಂತ ಮೆಡಿಕಲ್‌ಗಳ ತಪಾಸಣೆಯೂ ಶುರುವಾಯಿತು. ಆ ಹುಡುಗಿ ಧೈರ್ಯವಾಗಿ ಇಲ್ಲ ಅನ್ನಲು ಇಂಥ ಬೆಂಬಲ ಬೇಕು. ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಡಬಾರದು ಅನ್ನುವ ಕಾನೂನು ಇಡೀ ದೇಶದ್ದು, ತಲಪಾಡಿ ಆಚೆಗೂ ಅದೇ. ಆಚೆಯ ಅಧಿಕಾರಿಗಳೂ ಅಂಗಡಿಗಳಿಗೆ ಹೋಗಿ ನೋಡಲಿ. ನೀವು ಕೂಡ, ಕೇಳಿದ ಕೂಡಲೇ ಕೊಡುವ ಅಂಗಡಿಯ ಹೆಸರನ್ನು ಒಬ್ಬರಿಗೊಬ್ಬರು ಹೇಳಿಕೊಡುವುದನ್ನು ದಯವಿಟ್ಟು ಬಿಡಿ.