ಟಿಬೆಟನ್ ವೈದ್ಯದ ಬಗ್ಗೆ ಓಡಾಡುತ್ತಿರುವ ಮೆಸೇಜ್: ಒಂದು ಸ್ಪಷ್ಟನೆ

"ಟಿಬೆಟನ್ ವೈದ್ಯರು ನಾಡಿ ಹಿಡಿದರೆ ಸಾಕು, ಎಲ್ಲಾ ಕಾಯಿಲೆ ಗೊತ್ತಾಗುತ್ತೆ, ಒಂದೇ ಮಾತ್ರೆಗೆ ವಾಸಿ, ಬೇರೆ ಔಷಧಿ ನಿಲ್ಲಿಸಿ" ಅಂತ ಒಂದು ಮೆಸೇಜ್ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಆ ವೈದ್ಯ ಪದ್ಧತಿಯೇ ಹಾಗೆ ಹೇಳುವುದಿಲ್ಲ.

ಸೋವಾ ರಿಗ್ಪಾ ಅನ್ನುವ ಈ ಪದ್ಧತಿಯ ಮೂಲ ಗ್ರಂಥ ಗ್ಯುಶಿ. ಅದರಲ್ಲಿ 4 ಭಾಗ, 156 ಅಧ್ಯಾಯ ಇವೆ. ದೇಹದಲ್ಲಿರುವ ಲುಂಗ್, ಟ್ರಿಪಾ, ಬೇಕನ್ ಎಂಬ ಮೂರು ಅಂಶಗಳು ಸಮವಾಗಿದ್ದರೆ ಆರೋಗ್ಯ, ಏರುಪೇರಾದರೆ ಕಾಯಿಲೆ ಅನ್ನುವುದು ಅದರ ತಳಹದಿ. ಇವು ನಮ್ಮ ವಾತ, ಪಿತ್ತ, ಕಫಕ್ಕೆ ತುಂಬಾ ಹತ್ತಿರ, ಯಾಕಂದ್ರೆ ಆಯುರ್ವೇದದ ಪ್ರಭಾವ ಇದರ ಮೇಲೆ ಜಾಸ್ತಿ ಇದೆ.

ಪರೀಕ್ಷೆಗೆ ಮೂರು ದಾರಿ: ನೋಡುವುದು, ಮುಟ್ಟುವುದು, ಕೇಳುವುದು. ನಾಡಿ ಹಿಡಿಯುವುದು 'ಮುಟ್ಟುವುದು' ಅನ್ನುವುದರಲ್ಲಿ ಬರುತ್ತದೆ, ಅಷ್ಟೇ. ನಾಲಿಗೆ ನೋಡುತ್ತಾರೆ, ಬೆಳಗಿನ ಮೂತ್ರದ ಬಣ್ಣ, ಆವಿ, ನೊರೆ, ವಾಸನೆ ಎಲ್ಲ ಗಮನಿಸುತ್ತಾರೆ, ಏನು ತಿಂದಿರಿ, ನಿದ್ದೆ ಹೇಗಿದೆ ಅಂತ ಕೇಳುತ್ತಾರೆ.

ಚಿಕಿತ್ಸೆಗೂ ಒಂದು ಕ್ರಮ ಇದೆ. ಮೊದಲು ಊಟ, ಆಮೇಲೆ ದಿನಚರಿ, ಅದಾದ ಮೇಲೆ ಔಷಧಿ, ಕೊನೆಗೆ ಶಾಖ ಕೊಡುವಂಥ ಹೊರಗಿನ ಚಿಕಿತ್ಸೆ. ಮಾತ್ರೆ ಬರುವುದೇ ಮೂರನೆಯದಾಗಿ, ಅಲ್ವಾ?

ಭಾರತ ಸರ್ಕಾರ 2010ರಲ್ಲಿ ಕಾನೂನು ತಿದ್ದಿ ಈ ಪದ್ಧತಿಗೆ ಮಾನ್ಯತೆ ಕೊಟ್ಟಿದೆ. ಬೈಲಕುಪ್ಪೆ, ಮುಂಡಗೋಡದಲ್ಲಿ ಇದರ ಚಿಕಿತ್ಸಾಲಯಗಳಿವೆ. ಹೋಗುವವರು ಖಂಡಿತ ಹೋಗಿ, ಆದರೆ ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೆಲ್ಲ ಅಲ್ಲಿಯ ವೈದ್ಯರಿಗೆ ಹೇಳಿ. ಶುಗರ್, ಬಿಪಿ ಮಾತ್ರೆಗಳನ್ನು ನಿಮ್ಮ ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ, ಪ್ರಾಣಕ್ಕೇ ಅಪಾಯ. ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.