ವಿಡಿಯೋ ಸಣ್ಣದು ಮಾಡುವ ಕೆಲಸ ವಾಟ್ಸಾಪ್‌ಗೆ ಬಿಡಬೇಡಿ

ದೀಪಾವಳಿ ಬಂತೆಂದರೆ ಹಾವೇರಿ ಕಡೆ ಹೋರಿ ಹಬ್ಬದ ವಿಡಿಯೋಗಳ ಸುಗ್ಗಿ. ಕೊಬ್ಬರಿ ಸರ, ಬಲೂನು ಕಟ್ಟಿಕೊಂಡ ಹೋರಿ, ಸರ ಕೀಳಲು ಬರುವ ಹುಡುಗರಿಂದ ತಪ್ಪಿಸಿಕೊಂಡು ಅಖಾಡ ದಾಟುವುದೇ ತಡ, ಅದರ ವಿಡಿಯೋ ಊರೂರು ಸುತ್ತುತ್ತದೆ. ಆದರೆ ನಮ್ಮ ಫೋನಿಗೆ ಬಂದು ಮುಟ್ಟುವ ಹೊತ್ತಿಗೆ ಹೋರಿ ಯಾವುದು, ಧೂಳು ಯಾವುದು ಅಂತಲೇ ತಿಳಿಯುವುದಿಲ್ಲ. "ಚಲೋ ಫೋನಿನಾಗ ತೆಗ್ದೇವ್ರಿ ಕಾಕಾ, ಆದ್ರೂ ಯಾಕ ಹಿಂಗ ಒಡದೈತಿ?" ಅಂತ ಹುಡುಗರು ಕೇಳುತ್ತಾರೆ.

ಫೋನು ಸರಿಯಾಗಿಯೇ ತೆಗೆದಿರುತ್ತದೆ. ಕಳಿಸುವಾಗ ವಾಟ್ಸಾಪ್ ಅದನ್ನು ತನ್ನ ಲೆಕ್ಕಕ್ಕೆ ಕುಗ್ಗಿಸುತ್ತದೆ. ಎಚ್‌ಡಿ ಒತ್ತಿ ಕಳಿಸಿದರೂ ಕುಗ್ಗಿಸುವುದು ತಪ್ಪುವುದಿಲ್ಲ, ಸ್ವಲ್ಪ ಕಡಿಮೆ ಅಷ್ಟೇ. ಅದನ್ನು ಇನ್ನೊಬ್ಬ ಇಳಿಸಿಕೊಂಡು, ಹಾಡು ಸೇರಿಸಿ, ಸ್ಟೇಟಸ್‌ಗೆ ಹಾಕುತ್ತಾನೆ. ಮತ್ತೆ ಕುಗ್ಗುತ್ತದೆ. ಪ್ರತಿ ಸಲ ಒಂದಿಷ್ಟು ವಿವರ ಹೋಗುತ್ತದೆ. ಹೋದದ್ದನ್ನು ಯಾವ ಆ್ಯಪ್ ಕೂಡ ವಾಪಸ್ ತರುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಮದುವೆ, ಸಭೆ-ಸಮಾರಂಭದ ವಿಡಿಯೋ ಎಡಿಟ್ ಮಾಡುವವನು. ಚಿತ್ರದ ಅಂಚು ಕತ್ತರಿಸುವ ಕ್ರಾಪ್, ಫೈಲು ಕುಗ್ಗಿಸುವ ಕಂಪ್ರೆಸ್, ಇವೆಲ್ಲ ಸ್ಟುಡಿಯೋದವರಿಗೆ ಮಾತ್ರ ಬರುವ ವಿದ್ಯೆ ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಒಂದು ಮಧ್ಯಾಹ್ನ ಕೂತರೆ ಬರುತ್ತದೆ. ನಮ್ಮ ಊರಿನ ಹಬ್ಬ, ನಮ್ಮ ಮನೆಯ ಮದುವೆ, ಅಜ್ಜಿ ಹೇಳಿದ ಹಾಡು, ಇವುಗಳಲ್ಲಿ ಏನು ಉಳಿಯಬೇಕು, ಏನು ಹೋದರೆ ನಡೆಯುತ್ತದೆ ಅಂತ ತೀರ್ಮಾನ ಮಾಡುವವರು ನಾವೇ ಆಗಿರಬೇಕು.

ಮೊದಲು ಫೈಲಿನ ಗಾತ್ರದ ಲೆಕ್ಕ. ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಡೇಟಾ ಖರ್ಚಾಗುತ್ತದೆ ಅನ್ನುವುದೇ ಬಿಟ್‌ರೇಟ್. ಅದನ್ನು ಸೆಕೆಂಡುಗಳಿಂದ ಗುಣಿಸಿ, ಮೆಗಾಬಿಟ್ ಹೋಗಿ ಎಂಬಿ ಆಗಲು 8ರಿಂದ ಭಾಗಿಸಿದರೆ ಗಾತ್ರ ಸಿಕ್ಕಿತು. ಫೋನು ಸೆಕೆಂಡಿಗೆ 17 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ 10 ನಿಮಿಷಕ್ಕೆ ಹತ್ತಿರ ಹತ್ತಿರ 1.3 ಜಿಬಿ. ಅದನ್ನೇ 4 ಮೆಗಾಬಿಟ್‌ಗೆ ಇಳಿಸಿದರೆ 300 ಎಂಬಿ. ಫೋನಿನ ಪರದೆಯಲ್ಲಿ ನೋಡುವವರಿಗೆ ಎಷ್ಟೋ ಸಲ ವ್ಯತ್ಯಾಸವೇ ತಿಳಿಯುವುದಿಲ್ಲ.

ಎಷ್ಟೋ ಸಲ ಅಂದೆ, ಯಾವಾಗಲೂ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಡಿಯೋ ಫೈಲಿನಲ್ಲಿ ಪ್ರತಿ ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲ. ಆಗಾಗ ಒಂದು ಪೂರ್ತಿ ಚಿತ್ರ, ನಡುವೆ ಏನೇನು ಬದಲಾಯಿತು ಅನ್ನುವುದು ಮಾತ್ರ. ಧಾರವಾಡದ ಒಂದು ಸಂಗೀತ ಸಭೆ ಅಂದುಕೊಳ್ಳಿ. ಗಾಯಕರು ಕೂತಲ್ಲೇ ಕೂತಿದ್ದಾರೆ, ಹಿಂದೆ ಒಂದೇ ಬಣ್ಣದ ಪರದೆ. ಬದಲಾಗುವುದು ಮುಖ, ಕೈ, ತಬಲಾದ ಮೇಲಿನ ಬೆರಳು. 2 ಮೆಗಾಬಿಟ್ ಕೊಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಹೋರಿ ಅಖಾಡದಲ್ಲಿ ಹಾಗಲ್ಲ. ಧೂಳಿನ ಕಣಕಣವೂ ಓಡುತ್ತದೆ, ಬಲೂನು ಕುಣಿಯುತ್ತದೆ, ಎರಡೂ ಕಡೆ ಸಾವಿರಾರು ತಲೆ ಅಲುಗಾಡುತ್ತವೆ. ಎಲ್ಲವೂ ಬದಲಾವಣೆಯೇ. ಅದೇ 2 ಮೆಗಾಬಿಟ್‌ನಲ್ಲಿ ಇಷ್ಟೆಲ್ಲ ಹಿಡಿಸಲು ಹೋದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹುಡುಗರ ಪ್ರಶ್ನೆಗೆ ಉತ್ತರ ಇದೇ.

ಹಾಗಾಗಿ "ಇಷ್ಟೇ ಎಂಬಿ ಆಗಬೇಕು" ಅಂತ ಹಟ ಹಿಡಿಯಬೇಡಿ. ಕ್ವಾಲಿಟಿ ಇಷ್ಟಿರಲಿ ಅಂತ ಹೇಳಿ, ಗಾತ್ರವನ್ನು ಸಾಫ್ಟ್‌ವೇರಿಗೆ ಬಿಡಿ. ಕಂಪ್ಯೂಟರ್ ಇರುವವರಿಗೆ ವಿಡಿಯೋ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್ ಸಾಕು. ಪುಕ್ಕಟೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರಲ್ಲಿ ಆರ್‌ಎಫ್ ಅಂತ ಒಂದು ಅಂಕಿ ಇದೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಸ್ವಚ್ಛ, ಫೈಲು ದೊಡ್ಡದು. 1080ರ ವಿಡಿಯೋಗೆ (ಅಂದರೆ ಚಿತ್ರದ ಎತ್ತರ 1080 ಪಿಕ್ಸೆಲ್, ಚುಕ್ಕೆ) 20ರಿಂದ 24ರ ಒಳಗೆ ಇಟ್ಟುಕೊಳ್ಳಿ. ನಾನು 22ರಿಂದ ಶುರು ಮಾಡಿ ಅಂತ ಹೇಳುತ್ತೇನೆ. ಹೋರಿ ವಿಡಿಯೋ ದೊಡ್ಡದಾಗಿಯೇ ಬರುತ್ತದೆ, ಬರಲಿ.

ಇಲ್ಲೊಂದು ಎಚ್ಚರ. ಹ್ಯಾಂಡ್‌ಬ್ರೇಕ್‌ನಲ್ಲಿ ಎಲ್ಲರೂ ಆರಿಸುವ 'ಫಾಸ್ಟ್ 1080ಪಿ30' ಸೆಟ್ಟಿಂಗ್ ಸೆಕೆಂಡಿಗೆ 30 ಚಿತ್ರಕ್ಕಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ನೀವು 60ರಲ್ಲಿ ತೆಗೆದಿದ್ದರೆ ಅರ್ಧದಷ್ಟು ಚಿತ್ರಗಳು ಸುಮ್ನೆ ಮಾಯ. ಹೋರಿ ಮೈಮೇಲಿನ ಕೊಬ್ಬರಿ ಸರಕ್ಕೆ ಯಾರ ಕೈ ಮೊದಲು ಬಿತ್ತು ಅಂತ ನಿಧಾನವಾಗಿ ಓಡಿಸಿ ನೋಡುವಾಗ ಆ ಚಿತ್ರಗಳೇ ಬೇಕು, ಅಲ್ವಾ? ಫ್ರೇಮ್‌ರೇಟ್ ಇರುವಲ್ಲಿ 'ಸೇಮ್ ಆ್ಯಸ್ ಸೋರ್ಸ್' ಅಂತ ಬದಲಿಸಿ.

ಇನ್ನು ಕ್ರಾಪ್. ಹಿಂದೆ ಮುಂದೆ ಬೇಡದ ನಿಮಿಷಗಳನ್ನು ತೆಗೆಯುವುದು ಟ್ರಿಮ್, ಚಿತ್ರದ ಅಂಚು ಕತ್ತರಿಸುವುದು ಕ್ರಾಪ್. ಮೊದಲು ಟ್ರಿಮ್ ಮಾಡಿ. ಫೈಲಿನ ಭಾರ ಅಲ್ಲೇ ಎಷ್ಟೋ ಇಳಿಯುತ್ತದೆ. ಬರೀ ಟ್ರಿಮ್ ಸಾಕು ಅನ್ನುವವರಿಗೆ ಲಾಸ್‌ಲೆಸ್‌ಕಟ್ ಅನ್ನುವ ಸಾಫ್ಟ್‌ವೇರ್ ಇದೆ. ಅದು ಚಿತ್ರವನ್ನು ಮತ್ತೆ ಕುಗ್ಗಿಸದೆ ಹಾಗೇ ಕತ್ತರಿಸುತ್ತದೆ. ಕತ್ತರಿ ಬೀಳುವ ಜಾಗ ಒಂದೆರಡು ಸೆಕೆಂಡು ಆಚೀಚೆ ಆಗಬಹುದು, ಅಷ್ಟೇ.

ಅಡ್ಡಲಾಗಿ ತೆಗೆದ ವಿಡಿಯೋವನ್ನು ಸ್ಟೇಟಸ್‌ಗೆ ಅಂತ ಉದ್ದಕ್ಕೆ ಕ್ರಾಪ್ ಮಾಡುವುದು ನನಗೆ ಒಂಚೂರೂ ಸರಿಬರುವುದಿಲ್ಲ. 1920 ಅಗಲ, 1080 ಎತ್ತರದ ಚಿತ್ರದಿಂದ 9:16 ಅಳತೆಯ ಉದ್ದನೆಯ ತುಂಡು ತೆಗೆದರೆ ಅಗಲ ಬರೀ 608 ಉಳಿಯುತ್ತದೆ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೋಯಿತು. ಉಳಿದದ್ದನ್ನು ಪರದೆ ತುಂಬ ಎಳೆದು ತೋರಿಸಿದರೆ ಮಸುಕಾಗದೆ ಇನ್ನೇನಾಗುತ್ತದೆ? ಹೋರಿಯ ಮೂತಿ ಇರುತ್ತದೆ, ಪಕ್ಕದಲ್ಲಿ ಓಡಿ ಬಂದು ಕೈ ಹಾಕಿದ ಹುಡುಗ ಇರುವುದಿಲ್ಲ. ಉದ್ದಕ್ಕೇ ಬೇಕು ಅಂದರೆ 4ಕೆಯಲ್ಲಿ (3840 ಅಗಲ, 2160 ಎತ್ತರ) ತೆಗೆಯಿರಿ. ಆಗ ಕತ್ತರಿಸಿದ ಮೇಲೂ 1200ಕ್ಕಿಂತ ಜಾಸ್ತಿ ಅಗಲ ಉಳಿಯುತ್ತದೆ. ಮದುವೆ ವಿಡಿಯೋದ ಅಂಚಿನಲ್ಲಿ ಯಾರದೋ ಬೆನ್ನು, ಸ್ಪೀಕರ್ ಸ್ಟ್ಯಾಂಡು ಬಂದಿದ್ದರೆ ಕ್ರಾಪ್ ಮಾಡಿ, ಅದಕ್ಕೇ ಅದು ಇರುವುದು. ಫೋನಿನಲ್ಲಾದರೆ ಗೂಗಲ್ ಫೋಟೋಸ್‌ನಲ್ಲೇ ಮಾಡಬಹುದು. ಕೊನೆಗೆ 'ಸೇವ್ ಕಾಪಿ' ಒತ್ತಿ, ಮೂಲ ಹಾಗೇ ಇರುತ್ತದೆ.

ಧ್ವನಿಯ ವಿಷಯದಲ್ಲಂತೂ ನಾನು ಜಗಳಕ್ಕೂ ತಯಾರು. ಫೈಲು ಸಣ್ಣದಾಗಲಿ ಅಂತ ಕೆಲವರು ಆಡಿಯೋ ಬಿಟ್‌ರೇಟನ್ನು 32 ಕಿಲೋಬಿಟ್‌ಗೋ 48ಕ್ಕೋ ಇಳಿಸುತ್ತಾರೆ. ಲೆಕ್ಕ ಹಾಕಿ ನೋಡಿ. 128 ಕಿಲೋಬಿಟ್ ಆಡಿಯೋ ನಿಮಿಷಕ್ಕೆ ಒಂದು ಎಂಬಿ ಕೂಡ ಆಗುವುದಿಲ್ಲ. 4 ಮೆಗಾಬಿಟ್‌ನ ಚಿತ್ರ ನಿಮಿಷಕ್ಕೆ 30 ಎಂಬಿ. ಧ್ವನಿಯಲ್ಲಿ ಉಳಿಸುವುದು ಕವಡೆ ಕಾಸು, ಕಳೆದುಕೊಳ್ಳುವುದು ತಾನಪುರದ ನಾದ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತವರಲ್ಲಿ ಎಷ್ಟೋ ಜನರಿಗೆ ಕಣ್ಣು ಕಾಣುವುದಿಲ್ಲ. ಅಂಥವರಿಗೆ ನೀವು ಕಳಿಸುವ ವಿಡಿಯೋ ಅಂದರೆ ಧ್ವನಿಯೇ. ಚಿತ್ರವನ್ನು 720ಕ್ಕೆ ಇಳಿಸಿ, ಬೇಜಾರಿಲ್ಲ. ಆಡಿಯೋ 160ರಲ್ಲಿ ಬಿಡಿ.

ಇಷ್ಟೆಲ್ಲ ಮಾಡಿದ ಫೈಲನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. 2 ಜಿಬಿವರೆಗೆ ಹೋಗುತ್ತದೆ, ವಾಟ್ಸಾಪ್ ಅದನ್ನು ಕುಗ್ಗಿಸುವುದೂ ಇಲ್ಲ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಫೋನು ತುಂಬಿದರೆ ಹಾರ್ಡ್‌ಡಿಸ್ಕಿಗೆ ಹಾಕಿಡಿ. ಮುಂದೆ ಬೇರೆ ಅಳತೆಯಲ್ಲಿ ಬೇಕಾದರೆ ಮೂಲದಿಂದಲೇ ಮಾಡಬೇಕು, ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿ ಅಲ್ಲ.

ಮನೆಯ ಟಿವಿಗೆ ಪೆನ್‌ಡ್ರೈವ್ ಹಾಕಿ ನೋಡುವವರು ನಮ್ಮ ಕಡೆ ಬಹಳ. ಅಂಥವರಿಗೆ ಕೊಡುವಾಗ ಕುಗ್ಗಿಸುವ ವಿಧಾನ (ಕೋಡೆಕ್) ಎಚ್.264 ಆರಿಸಿ. ಎಚ್.265ರಲ್ಲಿ ಫೈಲು ಇನ್ನೂ ಸಣ್ಣದಾಗುತ್ತದೆ ನಿಜ, ಆದರೆ ಎಷ್ಟೋ ಹಳೆಯ ಟಿವಿಗಳಿಗೆ ಅದು ಓದಲು ಬರುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದಕ್ಕೆ ಕಾಪಿಯೇ ಆಗುವುದಿಲ್ಲ. ಇಡೀ ಮದುವೆಯನ್ನು ಒಂದೇ ಫೈಲು ಮಾಡುವ ಬದಲು ಅರಿಶಿಣ, ಅಕ್ಷತೆ, ಊಟ ಅಂತ ಬೇರೆ ಬೇರೆ ಮಾಡಿಕೊಡಿ.